ವಸಂತಕ್ಕೊಂದು ಚಿತ್ರಪುಸ್ತಕ: ಮುಂಬಯಿಯ ಕನ್ನಡ ಮನೆಗಳಿಗೆ ಆಯ್ಕೆಯ ಮಾರ್ಗದರ್ಶಿ

ಯುಗಾದಿಗೆ ಇನ್ನೂ ಮೂರು ನಾಲ್ಕು ವಾರ ಇರುವಾಗಲೇ ಓದುಗರಿಂದ ಪ್ರತಿ ವರ್ಷ ಒಂದೇ ಪ್ರಶ್ನೆ ಬರತೊಡಗುತ್ತದೆ: ಹಬ್ಬಕ್ಕೆ ಹೊಸ ಬಟ್ಟೆಯ ಜೊತೆ ಮಗುವಿಗೆ ಒಂದು ಒಳ್ಳೆಯ ಚಿತ್ರಪುಸ್ತಕವನ್ನೂ ಕೊಡಿಸಬೇಕೆಂದಿದ್ದೇವೆ, ವಸಂತದ ಕತೆಯಿದ್ದರೆ ಇನ್ನೂ ಒಳ್ಳೆಯದು, ಯಾವುದನ್ನು ಕೊಳ್ಳುವುದು? ಹತ್ತು ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಬಹುದು. ಆದರೆ ಪಟ್ಟಿಯಲ್ಲಿದ್ದ ಪುಸ್ತಕ ಮುಂಬಯಿಯಲ್ಲಿ ಸಿಗದಿದ್ದರೆ, ಅಥವಾ ಸಿಕ್ಕಿಯೂ ಮನೆಯಲ್ಲಿ ಓದಿ ಹೇಳುವವರಿಲ್ಲದಿದ್ದರೆ, ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಪಟ್ಟಿಯ ಬದಲು, ಯಾವುದೇ ಪುಸ್ತಕವನ್ನು ಕೈಗೆತ್ತಿಕೊಂಡು ಹತ್ತು ನಿಮಿಷಗಳಲ್ಲಿ ತೂಗಿನೋಡುವ ಕ್ರಮವನ್ನು ಹೇಳಿದ್ದೇನೆ. ಹುಟ್ಟಿದ ಮಗುವಿನಿಂದ ಸುಮಾರು ಏಳು ವರ್ಷದ ಮಕ್ಕಳವರೆಗೆ ಇದು ಅನ್ವಯಿಸುತ್ತದೆ.

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಚಿತ್ರಗಳಿರುವ ಪುಸ್ತಕವೆಲ್ಲ ಚಿತ್ರಪುಸ್ತಕವಲ್ಲ. ಚಿತ್ರ ಮತ್ತು ಮಾತು ಎರಡೂ ಸೇರಿ ಕತೆಯನ್ನು ಹೊತ್ತೊಯ್ಯುವ, ಒಂದನ್ನು ತೆಗೆದರೆ ಇನ್ನೊಂದು ಕುಂಟುವ ಪುಸ್ತಕಕ್ಕೆ ಚಿತ್ರಪುಸ್ತಕ ಎನ್ನುತ್ತೇವೆ. 'ಅ ಅಗಸ, ಆ ಆನೆ' ಎಂದು ಅಕ್ಷರಮಾಲೆಯನ್ನು ಚೌಕಗಳಲ್ಲಿ ಜೋಡಿಸಿದ ಪುಸ್ತಕ ಕಲಿಕೆಯ ಸಾಧನ. ಅದಕ್ಕೆ ಅದರದೇ ಉಪಯೋಗವಿದೆ, ಆದರೆ ಮಡಿಲಲ್ಲಿ ಕೂರಿಸಿಕೊಂಡು ಅದನ್ನು ಸಂತೋಷಕ್ಕಾಗಿ ಓದಲಾಗುವುದಿಲ್ಲ. ಅಂಗಡಿಯಲ್ಲಿ "ಮಕ್ಕಳ ಚಿತ್ರಪುಸ್ತಕ ಕೊಡಿ" ಎಂದು ಕೇಳಿದರೆ ಹಲವು ಸಲ ಮೊದಲು ಮುಂದಿಡುವುದು ಅದನ್ನೇ. "ಕತೆಯ ಪುಸ್ತಕ, ಪುಟಕ್ಕೆ ಎರಡು ಮೂರು ಸಾಲು ಮಾತ್ರ ಇರಬೇಕು" ಎಂದು ಬಿಡಿಸಿ ಕೇಳಿರಿ.

ನಿಮ್ಮಲ್ಲಿ ಇರಬೇಕಾದವು ಮೂರು: ಅವಸರವಿಲ್ಲದ ಅರ್ಧ ಗಂಟೆ, ನಿಮ್ಮ ಕಿಟಕಿಯಿಂದಲೋ ಮಗು ನಡೆಯುವ ದಾರಿಯಲ್ಲೋ ಕಾಣುವ ಮರ, ಹಕ್ಕಿಗಳ ಒಂದು ಪುಟ್ಟ ಪಟ್ಟಿ, ಮತ್ತು ಸಾಧ್ಯವಾದರೆ ಮಗು.

1. ಓದಿ ಹೇಳುವವರು ಯಾರೆಂದು ನಿರ್ಧರಿಸಿ

ವಯಸ್ಸು, ಬೆಲೆ, ವಿಷಯ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಅಜ್ಜ ಅಜ್ಜಿಯರು ಕನ್ನಡವನ್ನು ಓದಬಲ್ಲರು, ಇಲ್ಲಿಯೇ ಹುಟ್ಟಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಕಲಿತ ತಂದೆ ತಾಯಂದಿರು ಕನ್ನಡವನ್ನು ಮಾತನಾಡಬಲ್ಲರೇ ಹೊರತು ಓದಲಾರರು, ಕೆಲವು ಮನೆಗಳಲ್ಲಂತೂ ಒಳಗಿನ ಮಾತು ತುಳುವೋ ಕೊಂಕಣಿಯೋ ಆಗಿರುತ್ತದೆ. ಈ ಮೂರೂ ಬಗೆಯ ಮನೆಗಳಿಗೆ ಒಂದೇ ಪುಸ್ತಕ ಒಪ್ಪುವುದಿಲ್ಲ.

ಅಜ್ಜಿಯೇ ದಿನವೂ ಓದುವುದಾದರೆ ಪೂರ್ಣ ಕನ್ನಡದ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಿ, ಆದರೆ ಅಕ್ಷರದ ಗಾತ್ರವನ್ನು ಅಜ್ಜಿಯ ಕಣ್ಣಿಗೆ ತಕ್ಕಂತೆ ನೋಡಿ, ಮಗುವಿನ ಕಣ್ಣಿಗಲ್ಲ. ತಾಯಿ ತಂದೆಗೆ ಲಿಪಿ ಬಾರದಿದ್ದರೆ ಎರಡು ದಾರಿಗಳಿವೆ. ಒಂದು, ದ್ವಿಭಾಷಾ ಪುಸ್ತಕ, ಎಂದರೆ ಒಂದೇ ಪುಟದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಕ. ಚೆನ್ನೈಯ ತೂಲಿಕಾ ಪ್ರಕಾಶನವು ಇಂಥವನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ತರುತ್ತದೆ. ಇನ್ನೊಂದು, ಪದವಿಲ್ಲದ ಪುಸ್ತಕ, ಎಂದರೆ ಕತೆಯೆಲ್ಲ ಚಿತ್ರದಲ್ಲೇ ನಡೆಯುವ ಪುಸ್ತಕ. ಎರಡನೆಯದನ್ನು "ಓದಲು ಏನೂ ಇಲ್ಲ, ದುಡ್ಡು ದಂಡ" ಎಂದು ಹಿಂದಕ್ಕಿಡುವವರೇ ಹೆಚ್ಚು. ನನ್ನ ಅನುಭವದಲ್ಲಿ ತುಳು, ಕೊಂಕಣಿ ಮಾತನಾಡುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ, ಏಕೆಂದರೆ ಅದೇ ಚಿತ್ರಕ್ಕೆ ಅಜ್ಜಿ ಒಂದು ಭಾಷೆಯಲ್ಲಿ, ಅಪ್ಪ ಇನ್ನೊಂದರಲ್ಲಿ ಕತೆ ಕಟ್ಟಬಹುದು.

ಇಂಗ್ಲಿಷ್ ಅಥವಾ ಮರಾಠಿ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯ ಕನ್ನಡದಲ್ಲಿ ಕತೆ ಹೇಳುವುದರಲ್ಲಿಯೂ ಯಾವ ಕೊರತೆಯೂ ಇಲ್ಲ. ಮರಾಠಿಯಲ್ಲಿ ಜ್ಯೋತ್ಸ್ನಾ ಪ್ರಕಾಶನದಂಥವರು ಚಿಕ್ಕ ಮಕ್ಕಳಿಗಾಗಿ ತರುವ ಪುಸ್ತಕಗಳು ನಮ್ಮ ಊರಿನ ಅಂಗಡಿಗಳಲ್ಲೇ ಸಿಗುತ್ತವೆ, ಅವುಗಳ ಚಿತ್ರಗಳಲ್ಲಿ ಕಾಣುವ ಮನೆ, ಬೀದಿ, ಹಬ್ಬಗಳು ನಿಮ್ಮ ಮಗುವಿಗೂ ಪರಿಚಿತವೇ. ಪುಸ್ತಕ ಕನ್ನಡದ್ದೇ ಆಗಬೇಕೆಂಬ ಹಟಕ್ಕಿಂತ, ಕನ್ನಡದಲ್ಲಿ ಹೇಳುವ ಬಾಯಿಯೊಂದು ಮನೆಯಲ್ಲಿ ಇದೆಯೇ ಎಂಬುದು ಹೆಚ್ಚು ಮುಖ್ಯವೆಂದು ನಾನು ತಿಳಿದಿದ್ದೇನೆ.

ಎಚ್ಚರಿಕೆ: ಕನ್ನಡ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ದೇವನಾಗರಿ ಬರೆದುಕೊಂಡು ಓದುವ ಉಪಾಯವನ್ನು ಅನೇಕರು ಮಾಡುತ್ತಾರೆ. ಮರಾಠಿ ಬರಹದಲ್ಲಿ 'ಎ' ಮತ್ತು 'ಏ', 'ಒ' ಮತ್ತು 'ಓ' ಎಂಬ ಭೇದವನ್ನು ತೋರಿಸುವ ರೂಢಿಯಿಲ್ಲ. ಹೀಗಾಗಿ ಕೆರೆಯ ದಂಡೆಯಲ್ಲಿ ಆಡುತ್ತಿದ್ದ ಮಕ್ಕಳು ಕೇರೆಯ ದಂಡೆಗೆ ಹೋಗಿಬಿಡುತ್ತಾರೆ. ಈ ಉಪಾಯ ಮಾಡುವುದಾದರೆ ಹ್ರಸ್ವ ಸ್ವರಗಳ ಮೇಲೆ ಒಂದು ಚುಕ್ಕೆಯನ್ನೋ ಗೆರೆಯನ್ನೋ ಹಾಕಿ ಗುರುತು ಮಾಡಿಕೊಳ್ಳಿ, ಮೊದಲ ಸಲ ಹಿರಿಯರಿಂದ ಓದಿಸಿ ಕೇಳಿಕೊಳ್ಳಿ. ಅಜ್ಜಿ ಊರಿನಲ್ಲಿದ್ದರೆ ಪುಟಗಳ ಫೋಟೋ ಕಳುಹಿಸಿ, ವಾಟ್ಸಾಪಿನಲ್ಲಿ ಧ್ವನಿ ಮುದ್ರಿಸಿ ಕಳುಹಿಸುವಂತೆ ಕೇಳಬಹುದು.

2. ನಿಮ್ಮ ಕಿಟಕಿಯಾಚೆಯ ವಸಂತ ಯಾವುದೆಂದು ನೋಡಿ

ಪಂಚಾಂಗದ ಲೆಕ್ಕದಲ್ಲಿ ಚೈತ್ರ, ವೈಶಾಖಗಳು ವಸಂತ ಋತು. ಮುಂಬಯಿಯಲ್ಲಿ ಅದರ ಸೂಚನೆ ಇನ್ನೂ ಮೊದಲೇ, ಫೆಬ್ರವರಿಯಲ್ಲೇ ಕಾಣತೊಡಗುತ್ತದೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಎಲೆ ಉದುರಿಸಿದ ಮುತ್ತುಗ, ಬೂರುಗಗಳು ಕೆಂಪಾಗುತ್ತವೆ. ವಿಕ್ರೋಲಿಯ ಬಳಿ ಪೂರ್ವ ಹೆದ್ದಾರಿಯ ಬದಿಯಲ್ಲಿ ಗುಲಾಬಿ ಬಣ್ಣದ ಟ್ಯಾಬೆಬುಯಾ ಸಾಲಾಗಿ ಅರಳುತ್ತದೆ. ಅದು ಅಮೆರಿಕ ಖಂಡದಿಂದ ಬಂದ ಮರ, ಆದರೆ ಮಗುವಿಗೆ ಅದೂ ನಮ್ಮದೇ. ಮಾರ್ಚಿನಲ್ಲಿ ಬೇವು ಬಿಳಿ ಹೂ ಬಿಡುತ್ತದೆ, ಅರಳಿ ಮರಕ್ಕೆ ತಾಮ್ರದ ಬಣ್ಣದ ಚಿಗುರು ಬರುತ್ತದೆ, ಬೆಳಗಿನ ಜಾವವೇ ಕೋಗಿಲೆ ಎಬ್ಬಿಸುತ್ತದೆ, ತಾಮ್ರ ಬಡಿದಂತೆ 'ಟುಕ್ ಟುಕ್' ಎನ್ನುವ ಪುಟ್ಟ ಹಸಿರು ಕುಟ್ರುಹಕ್ಕಿ ಎಲ್ಲಿದೆಯೆಂದು ತಿಳಿಯದೆ ಎಲ್ಲರೂ ತಲೆಯೆತ್ತಿ ಹುಡುಕುತ್ತಾರೆ. ಶಿವಡಿ ಮತ್ತು ಠಾಣೆ ಖಾರಿಯ ಕೆಸರಿನಲ್ಲಿ ಫ್ಲೆಮಿಂಗೊಗಳು ಇನ್ನೂ ಇರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಗುಲ್‌ಮೊಹರಿನ ಕೆಂಪು, ಮಾರುಕಟ್ಟೆಯಲ್ಲಿ ಹಾಪೂಸ್.

ಈಗ ಅಂಗಡಿಯ ಪುಸ್ತಕದ ಕಡೆಗೆ ಬನ್ನಿ. 'ವಸಂತ' ಎಂಬ ಹೆಸರಿನಲ್ಲಿ ಮಾರಾಟವಾಗುವ ಬಹಳಷ್ಟು ಪುಸ್ತಕಗಳು ಶೀತದೇಶಗಳಲ್ಲಿ ಹುಟ್ಟಿದವು. ಅವುಗಳಲ್ಲಿ ಹಿಮ ಕರಗುತ್ತದೆ, ಟ್ಯೂಲಿಪ್ ಅರಳುತ್ತದೆ, ಕುರಿಮರಿ ನೆಗೆಯುತ್ತದೆ, ಮಕ್ಕಳು ಉಣ್ಣೆಯ ಟೋಪಿಯನ್ನು ತೆಗೆದಿಡುತ್ತಾರೆ. ಫ್ಯಾನಿನ ಕೆಳಗೆ ಬೆವರುತ್ತಾ ಕುಳಿತ ಮೂರು ವರ್ಷದ ಮಗುವಿಗೆ ಇದು ವಸಂತವೆಂದು ಹೇಳಿದರೆ, ಪುಸ್ತಕದೊಳಗೆ ಒಂದು ಲೋಕ, ಹೊರಗೆ ಇನ್ನೊಂದು ಎಂಬ ತೀರ್ಮಾನಕ್ಕೆ ಅದು ಬರುತ್ತದೆ. ಐದು ದಾಟಿದ ಮಗುವಿಗೆ 'ಬೇರೆ ದೇಶದ ವಸಂತ ಹೀಗಿರುತ್ತದೆ' ಎಂದು ಇದನ್ನೇ ಸೊಗಸಾಗಿ ತೋರಿಸಬಹುದು. ಅದಕ್ಕಿಂತ ಚಿಕ್ಕವರಿಗೆ ನಿಮ್ಮ ಪಟ್ಟಿಯಲ್ಲಿರುವ ಮೂರು ವಸ್ತುಗಳಾದರೂ ಚಿತ್ರದಲ್ಲಿ ಕಾಣುವ ಪುಸ್ತಕವನ್ನು ಆರಿಸಿರಿ. ಹೆಸರಿನಲ್ಲಿ ವಸಂತ ಎಂದಿರಬೇಕಾಗಿಲ್ಲ. ಮಾವಿನ ಮರದ, ಕಾಗೆಯ, ಬಿಸಿಲಿನ, ಮಣ್ಣಿನ ಮಡಕೆಯ ಕತೆಯೂ ವಸಂತದ್ದೇ.

ಕನ್ನಡದ ಪುಸ್ತಕಗಳಲ್ಲಿ ಕತೆ ಸಾಮಾನ್ಯವಾಗಿ ಹಳ್ಳಿಯಲ್ಲಿ ನಡೆಯುತ್ತದೆ, ಹನ್ನೆರಡನೆಯ ಮಹಡಿಯ ಮಗುವಿಗೆ ಹಿತ್ತಿಲು ತಿಳಿಯದು ಎಂದು ಕೆಲವರು ಹಿಂಜರಿಯುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೋಗುವ ಮನೆಯಾದರೆ ಈ ಚಿಂತೆ ಬೇಡ. ಹಿತ್ತಿಲು, ಬಾವಿ, ಹಲಸಿನ ಮರ ಪುಸ್ತಕದಲ್ಲಿ ಮೊದಲು ಕಂಡರೆ ಊರಿನಲ್ಲಿ ಅದನ್ನು ಗುರುತಿಸುವ ಹಿಗ್ಗೇ ಬೇರೆ.

3. ವಯಸ್ಸಿಗೆ ತಕ್ಕ ಕಾಗದ ಮತ್ತು ಕಟ್ಟು

ಒಂದು ವರ್ಷದೊಳಗಿನ ಮಗು ಪುಸ್ತಕವನ್ನು ನೋಡುವಷ್ಟೇ ತಿನ್ನುತ್ತದೆ. ಅದಕ್ಕೆ ಬೋರ್ಡ್ ಬುಕ್, ಎಂದರೆ ದಪ್ಪ ರಟ್ಟಿನ ಪುಟಗಳ, ಮೂಲೆಗಳನ್ನು ದುಂಡಗೆ ಕತ್ತರಿಸಿದ ಪುಸ್ತಕವೇ ಬೇಕು. ಪುಟಕ್ಕೆ ಒಂದೇ ದೊಡ್ಡ ಚಿತ್ರ, ಹಿನ್ನೆಲೆಗೂ ಚಿತ್ರಕ್ಕೂ ಸ್ಪಷ್ಟವಾದ ಬಣ್ಣದ ಅಂತರ ಇರಲಿ. ನವಜಾತ ಶಿಶುವಿನ ದೃಷ್ಟಿ ಸರಿಯಾಗಿ ನಿಲ್ಲುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಮಾತ್ರ. ಒಂದರಿಂದ ಮೂರು ವರ್ಷದವರಿಗೆ ಪುಟಕ್ಕೆ ಒಂದು ಸಾಲು ಸಾಕು, ಮತ್ತೆ ಮತ್ತೆ ಬರುವ ಮಾತಿದ್ದರೆ ಒಳ್ಳೆಯದು. ಮೂರರಿಂದ ಐದರವರಿಗೆ ಎರಡು ಮೂರು ಸಾಲು, ಸಣ್ಣದೊಂದು ಗುಟ್ಟು ಅಥವಾ ತಮಾಷೆ. ಐದರ ಮೇಲಿನವರು ಪುಟಕ್ಕೆ ಒಂದು ಸಣ್ಣ ಪ್ಯಾರಾವನ್ನು ಕೇಳಿಸಿಕೊಳ್ಳಬಲ್ಲರು.

ಮುದ್ರಣದ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಇಂಥ ಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳಲ್ಲಿ ಬರುತ್ತವೆ. ಎರಡು ವರ್ಷದ ಮಗುವಿಗೆ 16 ಪುಟ ಹಿತ, 32 ಪುಟದ್ದು ನಡುವಿನಲ್ಲೇ ಕೈಬಿಟ್ಟುಹೋಗುತ್ತದೆ.

ಎಚ್ಚರಿಕೆ: ನಡುವೆ ಪಿನ್ ಹೊಡೆದ ಪುಸ್ತಕವನ್ನು ಮೂರು ವರ್ಷದೊಳಗಿನವರ ಕೈಗೆ ಒಂಟಿಯಾಗಿ ಕೊಡಬೇಡಿ, ಪಿನ್ ಸಡಿಲಾಗಿದೆಯೇ ಎಂದು ಆಗಾಗ ಬೆರಳಾಡಿಸಿ ನೋಡಿ. ಗುಂಡಿ ಒತ್ತಿದರೆ ಕೋಗಿಲೆ ಕೂಗುವ ಸದ್ದಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ನಾಣ್ಯದಂಥ ಪುಟ್ಟ ಬ್ಯಾಟರಿ ಇರುತ್ತದೆ. ಅದರ ಮುಚ್ಚಳವನ್ನು ಸ್ಕ್ರೂ ಹಾಕಿ ಭದ್ರಪಡಿಸದಿದ್ದರೆ ಕೊಳ್ಳಲೇಬೇಡಿ. ಅಂಥ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

4. ಮಾತನ್ನು ಮುಚ್ಚಿ ಚಿತ್ರವನ್ನು ಓದಿ

ಅಂಗೈಯಿಂದ ಅಕ್ಷರಗಳನ್ನು ಮುಚ್ಚಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಚಿತ್ರಗಳನ್ನಷ್ಟೇ ನೋಡುತ್ತಾ ಹೋಗಿ. ಕತೆಯ ಅರ್ಧದಷ್ಟಾದರೂ ತಿಳಿಯಬೇಕು. ತಿಳಿಯದಿದ್ದರೆ ಚಿತ್ರಗಳು ಅಲಂಕಾರಕ್ಕಷ್ಟೇ ಇವೆ ಎಂದರ್ಥ. ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು: ಮಾತು ಹೇಳಿದ್ದನ್ನೇ ಚಿತ್ರ ಯಥಾವತ್ತಾಗಿ ಬಿಡಿಸಿಟ್ಟರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ. ಮಾತಿನಲ್ಲಿ ಬಾರದ ಒಂದು ಇರುವೆ ಪ್ರತಿ ಪುಟದ ಮೂಲೆಯಲ್ಲಿ ನಡೆಯುತ್ತಿದ್ದರೆ, ಆ ಪುಸ್ತಕವನ್ನು ಮಗು ನೂರು ಸಲ ಕೇಳುತ್ತದೆ.

ಆಮೇಲೆ ನಿಜಾಂಶಗಳ ಪರೀಕ್ಷೆ. ಆನೆ ಮಾತನಾಡಬಹುದು, ಮೋಡ ಮುನಿಸಿಕೊಳ್ಳಬಹುದು. ಕಲ್ಪನೆಗೆ ನನ್ನ ತಕರಾರಿಲ್ಲ. ಆದರೆ ಪ್ರಕೃತಿಯನ್ನು ತೋರಿಸುತ್ತೇನೆಂದು ಹೊರಟ ಪುಸ್ತಕ ಅದನ್ನು ಸರಿಯಾಗಿ ತೋರಿಸಬೇಕು, ಮತ್ತು ವಸಂತದ ಪುಸ್ತಕಗಳಲ್ಲಿ ತಪ್ಪುಗಳು ಪದೇ ಪದೇ ಕಾಣುವ ಜಾಗಗಳು ಗೊತ್ತಾದವೇ ಇವೆ.

ಕೋಗಿಲೆಯಿಂದ ಆರಂಭಿಸಿ. ಗಂಡು ಕೋಗಿಲೆ ಮಿರುಗುವ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ ಪಟ್ಟೆಗಳಿರುತ್ತವೆ. 'ಕುಹೂ' ಎಂದು ಹಾಡುವುದು ಗಂಡು. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹೀಗಿರುವಾಗ 'ಅಮ್ಮ ಕೋಗಿಲೆ' ತನ್ನ ಗೂಡಿನಲ್ಲಿ ಮರಿಗಳಿಗೆ ಉಣಿಸುತ್ತಾ ಹಾಡುವ ಚಿತ್ರವಿದ್ದರೆ ಒಂದೇ ಪುಟದಲ್ಲಿ ಎರಡು ತಪ್ಪುಗಳಾದವು. ಗರಿಬಿಚ್ಚಿ ಕುಣಿಯುವ ನವಿಲು ಮಳೆಗಾಲಕ್ಕೆ ಸೇರಿದ್ದು. ವಸಂತದ ಪುಟದಲ್ಲಿ ಅದನ್ನು ಕುಣಿಸಿದವರು ಅಂದಕ್ಕಾಗಿ ಕುಣಿಸಿದ್ದಾರೆ. ಮುತ್ತುಗ ಹೂಬಿಡುವಾಗ ಕೊಂಬೆಗಳಲ್ಲಿ ಎಲೆ ಇರುವುದಿಲ್ಲವೆಂದೇ ಹೇಳಬಹುದು. ದಟ್ಟ ಹಸಿರಿನ ನಡುವೆ ಕೆಂಪು ಹೂ ಬಿಡಿಸಿದ್ದರೆ ಚಿತ್ರಕಾರರು ಆ ಮರವನ್ನು ನೋಡಿಲ್ಲ. ಒಂದೇ ಮಾವಿನ ಕೊಂಬೆಯಲ್ಲಿ ಹೂವಿನ ಗೊಂಚಲೂ ಮಾಗಿದ ಹಣ್ಣೂ ಒಟ್ಟಿಗೆ ತೂಗುತ್ತಿದ್ದರೆ, ಹೂವಿನಿಂದ ಮಿಡಿ, ಮಿಡಿಯಿಂದ ಕಾಯಿ, ಕಾಯಿಂದ ಹಣ್ಣು ಎಂಬ ಕ್ರಮವನ್ನೇ ಪುಸ್ತಕ ನುಂಗಿಹಾಕಿದೆ. ಚಿಟ್ಟೆಯ ಕತೆಯಾದರೆ ಕಂಬಳಿಹುಳು ಏನನ್ನು ತಿನ್ನುತ್ತಿದೆ ನೋಡಿ. ಬಾಲ್ಕನಿಯ ಕುಂಡದಲ್ಲಿರುವ ಕರಿಬೇವು, ನಿಂಬೆ ಗಿಡಗಳ ಎಲೆಗಳನ್ನು ತಿಂದು ಬೆಳೆಯುವ ಚಿಟ್ಟೆ ಮುಂಬಯಿಯಲ್ಲಿ ಧಾರಾಳವಾಗಿದೆ, ಅಂಥ ಕತೆ ಸಿಕ್ಕರೆ ಬಿಡಬೇಡಿ.

ಹಬ್ಬದ ಪುಸ್ತಕವಾದರೆ ಇನ್ನೊಂದು ಮಾತು. ನಮ್ಮ ಮಕ್ಕಳು ಮನೆಯಲ್ಲಿ ಬೇವುಬೆಲ್ಲವನ್ನೂ ಎದುರುಮನೆಯ ಬಾಗಿಲಲ್ಲಿ ಗುಡಿಯನ್ನೂ ಒಂದೇ ದಿನ ಕಾಣುತ್ತಾರೆ. ಬಿದಿರಿನ ತುದಿಗೆ ರೇಷ್ಮೆ ವಸ್ತ್ರ ಕಟ್ಟಿ ಮಡಕೆಯನ್ನು ಬೋರಲು ಹಾಕಿ ನಿಲ್ಲಿಸುವ ಆ ಗುಡಿಯೂ ಇರುವ ಮರಾಠಿ ಪುಸ್ತಕವೊಂದನ್ನು ಯುಗಾದಿಯ ಕನ್ನಡ ಪುಸ್ತಕದ ಜೊತೆಗಿಟ್ಟರೆ ಈ ನಗರದ ಚೈತ್ರ ಪೂರ್ತಿಯಾಗುತ್ತದೆ.

5. ಮೂರು ಪುಟಗಳನ್ನು ಗಟ್ಟಿಯಾಗಿ ಓದಿ

ಅಂಗಡಿಯಲ್ಲಿ ನಾಚಿಕೆಯೆನಿಸಿದರೂ ಪರವಾಗಿಲ್ಲ, ಓದಿಯೇ ನೋಡಿ. ಕಣ್ಣಿಗೆ ಕಾಣದ ದೋಷ ನಾಲಿಗೆಗೆ ತಿಳಿಯುತ್ತದೆ. ಅನುವಾದವಾದ ಪುಸ್ತಕಗಳಲ್ಲಿ ಇದು ಮುಖ್ಯ. 'ನಾವು ಆಟವಾಡುವುದಕ್ಕಾಗಿ ಹೊರಗೆ ಹೋಗೋಣವೇ ಎಂದು ಅವಳು ತನ್ನ ತಮ್ಮನನ್ನು ಕೇಳಿದಳು' ಎಂಬ ಸಾಲನ್ನು ಓದುವಷ್ಟರಲ್ಲಿ ಮಗು ಪುಟ ತಿರುಗಿಸಿರುತ್ತದೆ. 'ಬಾರೋ, ಹೊರಗೆ ಆಡೋಣ' ಎಂದಿದ್ದರೆ ನಿಲ್ಲುತ್ತದೆ. ಪುಟದಲ್ಲಿ ಅವನು, ಅವಳು, ಅದು, ತನ್ನ ಎಂಬ ಪದಗಳು ಲೆಕ್ಕಕ್ಕಿಂತ ಹೆಚ್ಚಾಗಿದ್ದರೆ ಅನುವಾದ ಬಿಗಿಯಾಗಿದೆ ಎಂದು ತಿಳಿಯಿರಿ. ನಿಮ್ಮ ಮನೆಯ ಮಾತು ವಿಜಯಪುರದ ಕಡೆಯದೋ ಕುಂದಾಪುರದ್ದೋ ಆಗಿದ್ದು ಪುಸ್ತಕದ ಪದ ಬೇರೆಯಾಗಿದ್ದರೆ ಓದುವಾಗ ಬದಲಿಸಿಕೊಳ್ಳಿ. ಎಳೆಯ ಹಲಸಿಗೆ ನಿಮ್ಮಲ್ಲಿ ಗುಜ್ಜೆ ಎನ್ನುವುದಾದರೆ ಗುಜ್ಜೆಯೆಂದೇ ಓದಿ; ಯಾರೂ ತಕರಾರು ಮಾಡುವುದಿಲ್ಲ.

ಮಗು ತಾನೇ ಓದಲು ತೊಡಗಿದ್ದರೆ ಒತ್ತಕ್ಷರಗಳನ್ನು ಎಣಿಸಿ. ಮೊದಲ ಓದಿಗೆ ಸಾಲಿಗೊಂದು ಒತ್ತಕ್ಷರ ಬಂದರೂ ಎಡವುವಂತಾಗುತ್ತದೆ. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬೇಕು. ಇಂಗ್ಲಿಷಿಗೆಂದು ಮಾಡಿದ ಪುಟವಿನ್ಯಾಸದಲ್ಲಿ ಕನ್ನಡವನ್ನು ತುರುಕಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಬಿಡುತ್ತದೆ. ಗಾಢ ಬಣ್ಣದ ಚಿತ್ರದ ಮೇಲೆ ಅಕ್ಷರ ಮುದ್ರಿಸಿದ್ದರೆ ಸಂಜೆಯ ದೀಪದಲ್ಲಿ ಅಜ್ಜಿಗೆ ಅದು ಕಾಣುವುದಿಲ್ಲ.

6. ಎಲ್ಲಿ ಹುಡುಕುವುದು

ಖರ್ಚಿಲ್ಲದ ದಾರಿ ಮೊದಲು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ನೂರಾರು ಕತೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಅವನ್ನು ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಚಿಕ್ಕವರಿಗೆ ಮೊದಲ ಹಂತದಿಂದ ಆರಂಭಿಸಿ. ಇವು ಮುಕ್ತ ಪರವಾನಗಿಯಲ್ಲಿವೆ, ಎಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು. ನಾಲ್ಕೈದನ್ನು ಫೋನಿನಲ್ಲಿ ತೋರಿಸಿ, ಮಗು ಮತ್ತೆ ಕೇಳಿದ್ದನ್ನು ಮಾತ್ರ ಬಣ್ಣದಲ್ಲಿ ಮುದ್ರಿಸಿ. ಲ್ಯಾಮಿನೇಟ್ ಮಾಡಿಸಿದರೆ ಚೂಪಾದ ಮೂಲೆಗಳನ್ನು ಕತ್ತರಿಸುವುದನ್ನು ಮರೆಯಬೇಡಿ.

ಕಡಿಮೆ ಬೆಲೆಗೆ, 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯನ್ನು ಕೇಳಿ. ನವಕರ್ನಾಟಕ ಪ್ರಕಾಶನದಂಥವರ ಪುಸ್ತಕಗಳಿಗೆ ಊರಿನಿಂದ ಬರುವವರೇ ಒಳ್ಳೆಯ ಅಂಚೆ: ಮತ್ಸ್ಯಗಂಧ ರೈಲಿನಲ್ಲಿ ತೆಂಗಿನೆಣ್ಣೆ, ಹಪ್ಪಳ ಹೊತ್ತು ತರುವ ದೊಡ್ಡಮ್ಮನ ಚೀಲದಲ್ಲಿ ಎರಡು ತೆಳು ಪುಸ್ತಕಗಳಿಗೆ ಜಾಗ ಇದ್ದೇ ಇರುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಮತ್ತು ನಿಮ್ಮ ಉಪನಗರದ ಕನ್ನಡ ಸಂಘಗಳ ಸಮಾರಂಭಗಳಿಗೆ ಹೋದಾಗ ಮಕ್ಕಳ ಪುಸ್ತಕಗಳ ಬಗ್ಗೆ ವಿಚಾರಿಸಿ. ಕೇಳುವವರಿದ್ದಾರೆಂದು ತಿಳಿದರೆ ಮುಂದಿನ ಸಲ ತರಿಸುತ್ತಾರೆ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, 1967ರಿಂದ ಆಚರಣೆಯಲ್ಲಿದೆ ಮತ್ತು ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಕಟ್ಟಡದ ನಾಲ್ಕು ಕನ್ನಡ ಮನೆಗಳು ಸೇರಿ ಅಂದು ಪುಸ್ತಕ ಅದಲುಬದಲು ಮಾಡಿಕೊಳ್ಳಬಹುದು.

ಎಚ್ಚರಿಕೆ: ಆನ್‌ಲೈನಿನಲ್ಲಿ ಕೊಳ್ಳುವಾಗ ರಕ್ಷಾಪುಟವನ್ನು ನಂಬಬೇಡಿ. ಒಳಪುಟದ ಚಿತ್ರ, ಪುಟಗಳ ಸಂಖ್ಯೆ, ಸೆಂಟಿಮೀಟರಿನಲ್ಲಿ ಅಳತೆ ಮೂರೂ ಕಾಣದಿದ್ದರೆ ಮುಂದುವರಿಯಬೇಡಿ. ಹತ್ತು ಪುಸ್ತಕಗಳ ಕಟ್ಟು ಅಗ್ಗವೆಂದು ತರಿಸಿದ್ದೆ ಒಮ್ಮೆ. ಬಂದವು ಅಂಗೈಯಗಲದವು, ಅವುಗಳಲ್ಲಿ ಏಳು ಅಕ್ಷರಮಾಲೆಗಳು.

7. ಮನೆಗೆ ತಂದ ಮೇಲೆ

ಮೊದಲ ದಿನ ಪ್ರಶ್ನೆ ಕೇಳಬೇಡಿ. 'ಇದು ಯಾವ ಬಣ್ಣ, ಎಷ್ಟು ಹಕ್ಕಿ' ಎಂದು ಪರೀಕ್ಷೆ ಆರಂಭಿಸಿದರೆ ಕತೆ ಪಾಠವಾಗುತ್ತದೆ. ಬೆರಳಿಟ್ಟು ತೋರಿಸುವುದನ್ನು ಮಗುವಿಗೇ ಬಿಡಿ, ಪುಟ ತಿರುಗಿಸುವುದನ್ನೂ. ಅದೇ ಪುಸ್ತಕ ಇಪ್ಪತ್ತನೆಯ ಸಲವೂ ಬೇಕೆಂದರೆ ಹೊಸದನ್ನು ಒತ್ತಾಯಿಸದೆ ಅದನ್ನೇ ಓದಿ. ವಾರದಲ್ಲಿ ಒಂದು ದಿನ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊರಡಿ. ಬೈಕಲಾದ ರಾಣಿಬಾಗ್ ಆಗಬಹುದು, ಕೆಳಗಿನ ಬೇವಿನ ಮರವೂ ಆಗಬಹುದು. ಚಿತ್ರದ ಹೂವನ್ನೂ ನೆಲದ ಮೇಲೆ ಬಿದ್ದ ಹೂವನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಮಗುವಿಗೆ ಹೇಳಿಕೊಡದೆಯೇ ಬರುತ್ತದೆ.

ಮೇ ಕೊನೆಯ ವಾರದಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಪುಸ್ತಕಗಳು ಬೂಷ್ಟು ಹಿಡಿಯುತ್ತವೆ, ಎಣ್ಣೆಗೈ ತಾಗಿದ ಮಕ್ಕಳ ಪುಸ್ತಕಗಳು ಇನ್ನೂ ಬೇಗ. ಒಂದು ಬೆಳಿಗ್ಗೆ ಅವನ್ನು ಬಿಡಿಸಿ ಗಾಳಿಗಿಡಿ, ನೇರ ಬಿಸಿಲಿಗೆ ಬೇಡ, ಬಣ್ಣ ಮಾಸುತ್ತದೆ; ಒಣ ಬಟ್ಟೆಯಿಂದ ಒರೆಸಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ನಡುನಡುವೆ ಚೆನ್ನಾಗಿ ಒಣಗಿಸಿದ ಬೇವಿನೆಲೆ ಇಡಿ. ಹಸಿ ಎಲೆ ಇಟ್ಟರೆ ಅದೇ ಕಲೆಯಾಗುತ್ತದೆ.